ಒಂದು ಮೊಟ್ಟೆಯಲ್ಲಿ ಎಷ್ಟು ಚುಕ್ಕೆ

ಜನವರಿ ಬಂತೆಂದರೆ ಕಾಂದೆಲಾರಿಯಾ ಮೊಟ್ಟೆಯನ್ನು ನಡುವೆ ಒಡೆಯುವುದಿಲ್ಲ. ಚಾಕುವಿನ ತುದಿಯಿಂದ ನೆತ್ತಿಗೆ ಮೆಲ್ಲಗೆ ಕುಟ್ಟಿ, ಕಾಸಗಲದ ತೂತು ಮಾಡಿ, ಒಳಗಿನದನ್ನು ಬಾಣಲೆಗೆ ಸುರಿದು, ಚಿಪ್ಪನ್ನು ತೊಳೆದು ಬೋರಲು ಹಾಕುತ್ತಾಳೆ. ಈಸ್ಟರ್ ಹೊತ್ತಿಗೆ ಆ ಚಿಪ್ಪುಗಳಿಗೆ ಬಣ್ಣ ಬಳಿದು, ಹೊಟ್ಟೆಗೆ ಕಾಗದದ ಚುಕ್ಕೆ ತುಂಬಿ, ತೂತಿನ ಮೇಲೆ ತೆಳು ಕಾಗದ ಅಂಟಿಸಿದರೆ ಹಬ್ಬದ ಮೊಟ್ಟೆ ಸಿದ್ಧ. ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಕಳ್ಳಹೆಜ್ಜೆಯಲ್ಲಿ ಹೋಗಿ, ಬೇಕಾದವರ ತಲೆಯ ಮೇಲೆ ಒಡೆಯಬೇಕು. ಒಡೆಸಿಕೊಂಡವರಿಗೆ ವರ್ಷವಿಡೀ ಒಳ್ಳೆಯದಾಗುತ್ತದೆ. ಆದರೆ ಅವರು ಇನ್ನೊಬ್ಬರ ತಲೆ ಹುಡುಕದೆ ಸುಮ್ಮನಿರುವಂತಿಲ್ಲ.

ಟೆಕ್ಸಸ್ಸಿನ ದಕ್ಷಿಣದ ತುದಿಯಲ್ಲಿ, ಲಾ ಗಾರ್ಸಾ ಎಂಬ ಊರಿನಿಂದ ಕಡಲಿಗೆ ಹೋಗುವ ಒಂದೇ ರಸ್ತೆಯ ಬದಿಯಲ್ಲಿ, ರೊಟ್ಟಿಯೊಳಗೆ ಮೊಟ್ಟೆ, ಪಲ್ಯ ಮಡಚಿ ಕೊಡುವ ಅವಳ ಟಾಕೊ ಗಾಡಿ. ಮೊದಲು ಗಿರಾಕಿಗಳೆಲ್ಲ ಮೀನುಗಾರರು. ಆರು ವರ್ಷದ ಹಿಂದೆ ವಿನ್‌ಥ್ರಾಪ್ ಕೇಲ್ ಎಂಬ ಭಾರಿ ಕುಬೇರ ಬಂದ. ಮನುಷ್ಯರನ್ನು ಮಂಗಳಗ್ರಹಕ್ಕೆ ಸಾಗಿಸುತ್ತೇನೆಂದು ಹೊರಟವನು ಮೊದಲು ಲಾ ಗಾರ್ಸಾದವರನ್ನೇ ಒಬ್ಬೊಬ್ಬರನ್ನಾಗಿ ಸಾಗಹಾಕಿದ. ಮನೆಗಳನ್ನು ಕೊಂಡ, ಮರಳ ಮೇಲೆ ರಾಕೆಟ್ಟು ನಿಲ್ಲಿಸಿದ, ಊರಿಗೆ ಕೇಲ್‌ಪೋರ್ಟ್ ಎಂದು ಫಲಕ ಹಾಕಿಸಿದ. ಈಗ ಕಾಂದೆಲಾರಿಯಾಳ ಗಿರಾಕಿಗಳು ಅವನ ನೌಕರರು. ದಿನಕ್ಕೆ ಇನ್ನೂರು ಮೊಟ್ಟೆ ಖಾಲಿಯಾಗುತ್ತದೆ. ಚಿಪ್ಪಿಗೆ ಬರವಿಲ್ಲ.

ಬರ ಇದ್ದದ್ದು ಕಡಲಿಗೆ. ರಾಕೆಟ್ಟು ಏಳುವ ದಿನ ರಸ್ತೆ ಬಂದ್, ತೀರ ಬಂದ್. ಎರಡು ವರ್ಷದ ಹಿಂದಿನ ಈಸ್ಟರ್ ಭಾನುವಾರ ಹಾಗೆ ಹೋಯಿತು. ಹೋದ ವರ್ಷದ್ದು, ರಾಕೆಟ್ಟು ಹಾರಿಸದೆಯೇ ಹಾರಿಸಿದ ಹಾಗೆ ಆಡುವ ತಾಲೀಮಿನಲ್ಲಿ ಹೋಯಿತು. ಅಜ್ಜಂದಿರ ಕಾಲದಿಂದ ಇಡೀ ಬಳಗ ಸೇರುತ್ತಿದ್ದದ್ದು ಆ ಮರಳಿನ ಮೇಲೆಯೇ. ಈ ಸಲ ಹ್ಯೂಸ್ಟನ್ನಿನಿಂದ ಅಕ್ಕ ನೊಯೆಮಿಯ ಫೋನು ಬಂತು.

"ನೋಡು ಕಾಂದೆ, ಈ ವರ್ಷವೂ ರಸ್ತೆ ಮುಚ್ಚಿದ್ರೆ ಹಬ್ಬ ನಮ್ಮನೇಲಿ. ಈಜುಕೊಳ ಇದೆ, ಎಸಿ ಇದೆ. ಬಾಯಿಗೆ ಮರಳು ಬರಲ್ಲ."

"ಕಡಲೂ ಇರಲ್ಲ ಅಕ್ಕ."

"ನೀರು ನೀರೇ ಕಣೇ. ನಾನು ಎಲ್ಲರಿಗೂ ಹೇಳಾಯ್ತು."

ಅಕ್ಕನನ್ನು ಕಾಂದೆಲಾರಿಯಾ ಬಲ್ಲಳು. ಒಂದು ವರ್ಷ ಹಬ್ಬ ಆ ಕೊಳದ ಪಕ್ಕಕ್ಕೆ ಹೋದರೆ ಅಲ್ಲೇ ಬೇರು ಬಿಡುತ್ತದೆ. ಮಕ್ಕಳು ಜಾರುಬಂಡೆಗೆ ಒಗ್ಗಿಕೊಳ್ಳುತ್ತಾರೆ, ಅಳಿಯಂದಿರು ಎಸಿಗೆ ಒಗ್ಗಿಕೊಳ್ಳುತ್ತಾರೆ. ಆಮೇಲೆ ಈ ತೀರಕ್ಕೆ ಬರುವ ಕಾರಣವೇ ಯಾರಿಗೂ ಇರುವುದಿಲ್ಲ.

ಬುಧವಾರ ಗಾಡಿಯ ಬಾಗಿಲಿಗೆ ಕಂಪನಿಯ ಗುಲಾಬಿ ಬಣ್ಣದ ನೋಟಿಸು ಅಂಟಿತು. ಈಸ್ಟರ್ ಭಾನುವಾರ ಬೆಳಗಿನ ಎಂಟರಿಂದ ಸಂಜೆ ಎಂಟರವರೆಗೆ ರಸ್ತೆ ಬಂದ್.

"ಮತ್ತೆ ಬಂತಾ ಪ್ರೇಮಪತ್ರ?" ಎಂದಳು ತಾಯಿ ತ್ರಿನಿ. ಎಂಬತ್ತೇಳರ ಮುದುಕಿ ಗಾಡಿಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಮೊಟ್ಟೆ ತುಂಬುತ್ತಿದ್ದಳು. "ಕೊಡು ಇತ್ಲಾಗೆ. ಚುಕ್ಕೆ ಕಮ್ಮಿಯಾಗಿದೆ."

ಅವಳ ತೊಡೆಯ ಮೇಲೆ ಕಾಗದಕ್ಕೆ ತೂತು ಹೊಡೆಯುವ ಮಷಿನ್ನು. ಇಷ್ಟು ದಿನದ ನೋಟಿಸುಗಳೆಲ್ಲ ಕಟಕಟನೆ ಚುಕ್ಕೆಯಾಗಿ ಬಕೆಟ್ಟು ತುಂಬಿದ್ದವು.

ಮರುದಿನ ಬ್ರಿಜಿಟ್ ಲುಂಡ್ ಬಂದಳು. ರಾಕೆಟ್ಟಿನ ಸುರಕ್ಷತೆಯ ಮುಖ್ಯಸ್ಥೆ. ದಿನವೂ ಎರಡು ಆಲೂಗಡ್ಡೆ ಟಾಕೊ ತಿಂದು, ಕಾಂದೆಲಾರಿಯಾಳನ್ನು ಮರ್ಯಾದೆಗೆ ದೋನ್ಯಾ ಎಂದು ಕರೆಯುವ ಹುಡುಗಿ, ಅವತ್ತು ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು.

"ಯಾಕೆ ಮಗಳೇ, ನಿದ್ದೆ ಇಲ್ವಾ?"

"ಒಬ್ಬನ ಪೆನ್ನಿನ ಮುಚ್ಚಳ ಕಳೆದುಹೋಗಿತ್ತು ದೋನ್ಯಾ ಕಾಂದೆ. ರಾಕೆಟ್ಟಿನ ಬಳಿಗೆ ಹೋದ ಸಾಮಾನೆಲ್ಲ ಹೊರಗೆ ಬರಲೇಬೇಕು. ಸಿಗೋವರೆಗೂ ಕೆಲಸ ನಿಲ್ಲಿಸಿದೆ. ಆರು ಗಂಟೆ ಹುಡುಕಿದ್ವಿ."

"ಎಲ್ಲಿತ್ತು?"

"ಅವನ ಬಾಯಲ್ಲೇ! ಕಚ್ಚಿಕೊಂಡೇ ಹುಡುಕ್ತಿದ್ದ."

"ಮುಚ್ಚಳಕ್ಕೆ ಇಷ್ಟೊಂದಾ?"

"ಮುಚ್ಚಳ ಬಿಡಿ, ಕಾಗದದ ಚೂರು ಸಿಕ್ಕಿದ್ರೂ ಅಷ್ಟೇ. ಇಂಜಿನ್ನಿಗೆ ಕಸ ಹೋಗಿಲ್ಲ ಅಂತ ನಾನು ಸಹಿ ಹಾಕದೆ ಅದು ಏಳಲ್ಲ. ಕೇಲ್ ಸಾಹೇಬ್ರು ಕಿರುಚಿಕೊಂಡ್ರೂ ಏಳಲ್ಲ."

ಹೆಂಚಿನ ಮೇಲೆ ರೊಟ್ಟಿ ಮಗುಚುತ್ತಿದ್ದ ಕಾಂದೆಲಾರಿಯಾಳ ಕೈ ತಡೆಯಿತು. ತಾಯಿಯ ಕಡೆ ನೋಡಿದಳು. ತಾಯಿ ಇವಳನ್ನೇ ನೋಡುತ್ತಿದ್ದಳು. ಇಬ್ಬರೂ ತಟ್ಟನೆ ಬೇರೆ ಕಡೆ ತಿರುಗಿದರು.

ಲುಂಡ್ ಹೋದ ಮೇಲೆ ಮುದುಕಿ ಬಹಳ ಮರುಕದಿಂದ ಹೇಳಿದಳು: "ಪಾಪ, ಆ ಹುಡುಗರು ಮನೆಮಠ ಬಿಟ್ಟು ಬಂದಿದ್ದಾರೆ. ಅವರಿಗೂ ಹಬ್ಬ ಬೇಡ್ವಾ?"

"ಭಾನುವಾರ ಅವರಿಗೆಲ್ಲಿ ಬಿಡುವು ಅಮ್ಮ."

"ಶನಿವಾರ ಕೊಟ್ರೆ ದೇವರು ಬೇಡ ಅಂತಾನಾ?"

ಶನಿವಾರ ಬೆಳಿಗ್ಗೆ ಆರಕ್ಕೆ ಪಾಳಿಯ ನೌಕರರು ಸಾಲುಗಟ್ಟಿದರು. ಟಾಕೊ ಜೊತೆ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಮೊಟ್ಟೆ ಪುಕ್ಕಟೆ. ಪರ ಊರಿನ ಒಬ್ಬ ದಡಿಯ ಅದನ್ನು ತಿರುಗಿಸಿ ನೋಡಿ, "ಇದನ್ನ ಬೇಯಿಸಿದ್ದೀರಾ?" ಎಂದ. ಅಷ್ಟರಲ್ಲಿ ಹಿಂದಿನಿಂದ ಬಂದ ಸ್ಥಳೀಯ ಬೆಸುಗೆಗಾರ ಒವಿದಿಯೊ ಅವನ ನೆತ್ತಿಯ ಮೇಲೆ ಒಂದನ್ನು ಫಟ್ಟನೆ ಒಡೆದ. ಗುಲಾಬಿ ಚುಕ್ಕೆಗಳು ಗಡ್ಡದವರೆಗೆ ಇಳಿದವು.

"ಒಳ್ಳೇದಾಗುತ್ತೆ ಕಣೋ! ಈಗ ನೀನು ಇನ್ನೊಬ್ಬನಿಗೆ ಒಡೀಬೇಕು. ಇಲ್ಲಾಂದ್ರೆ ಬಂದ ಒಳ್ಳೇದು ವಾಪಸ್ ಹೋಗುತ್ತೆ."

ಮಂಗಳಕ್ಕೆ ಹೊರಟವರಿಗೆ ಅದೃಷ್ಟದ ಮೇಲೆ ಬಲು ನಂಬಿಕೆ. ಐದು ನಿಮಿಷದಲ್ಲಿ ಕಾರು ನಿಲ್ಲಿಸುವ ಬಯಲು ರಣರಂಗವಾಯಿತು. ಪಿಎಚ್‌ಡಿ ಮಾಡಿದವರು ಟ್ರಕ್ಕುಗಳ ಹಿಂದೆ ಅಡಗಿ ಕುಳಿತರು. ಕ್ರೇನಿನ ಚಾಲಕ ತನ್ನ ಮೇಲಧಿಕಾರಿಯನ್ನು ಬೇಲಿಯವರೆಗೆ ಅಟ್ಟಿಸಿಕೊಂಡು ಹೋದ. ಕೊನೆಗೆ ಮೈಕೊಡವಿಕೊಂಡು, ನಗುತ್ತ ಕೆಲಸಕ್ಕೆ ಹೋದರು. ಕೊಡವಿದರೆ ಹೋಗುವ ಚುಕ್ಕೆಯಲ್ಲ ಅದು. ಕಿವಿಯ ಸಂದಿ, ಕಾಲ್ಚೀಲ, ಪ್ಯಾಂಟಿನ ಮಡಿಕೆ ಎಂದು ವಾರಗಟ್ಟಲೆ ಸಂಸಾರ ಹೂಡುತ್ತದೆ.

ಮಧ್ಯಾಹ್ನ ಹನ್ನೆರಡಕ್ಕೆ ಲುಂಡ್ ಓಡಿಬಂದಳು. ಕೈಯಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದೇ ಒಂದು ಗುಲಾಬಿ ಚುಕ್ಕೆ.

"ಇಂಜಿನ್ನಿನ ಕೆಳಗೆ ಸಿಕ್ತು. ದೋನ್ಯಾ ಕಾಂದೆ, ಒಂದು ಮೊಟ್ಟೇಲಿ ಎಷ್ಟು ಹಾಕಿದ್ದೀರಿ?"

"ಒಂದು ಹಿಡಿ."

"ಹಿಡಿ ಅಂದ್ರೆ ಎಷ್ಟು?"

"ನನ್ನ ಹಿಡಿಯೋ, ಅಮ್ಮನ ಹಿಡಿಯೋ?"

ಲುಂಡ್ ಅಳುವ ಹಾಗಾದಳು. ಉಳಿದ ಮೊಟ್ಟೆಗಳಲ್ಲಿ ಎರಡನ್ನು ತಟ್ಟೆಗೆ ಒಡೆದು ಎಣಿಸತೊಡಗಿದಳು. ಕಾಂದೆಲಾರಿಯಾಳದ್ದರಲ್ಲಿ ನೂರ ಎಂಬತ್ತೇಳು. ತ್ರಿನಿಯದ್ದರಲ್ಲಿ ಮುನ್ನೂರ ನಲವತ್ತು.

"ಅಮ್ಮನ ಕೈ ಧಾರಾಳ," ಎಂದಳು ಕಾಂದೆಲಾರಿಯಾ.

"ಯಾರದ್ದು ಯಾರಿಗೆ ಕೊಟ್ರಿ ಅಂತ ನೆನಪಿದೆಯಾ?"

"ಬಣ್ಣದಲ್ಲಿ ಹೇಳಬಹುದಿತ್ತು," ಎಂದಳು ಮುದುಕಿ, "ಆದ್ರೆ ನಂಗೆ ಕಣ್ಣು ಮಂಜು."

ಲುಂಡ್ ತಟ್ಟೆಯಿಂದ ತಲೆ ಎತ್ತಿ, "ಬೇಕೂಂತ ಮಾಡಿದ್ರಾ?" ಎಂದು ಕೇಳಿದಳು.

ಸುಳ್ಳು ಹೇಳಲು ಕಾಂದೆಲಾರಿಯಾಗೆ ಬಾಯಿ ಬರಲಿಲ್ಲ. "ಹೂಂ ಮಗಳೇ. ಮೂರನೇ ಈಸ್ಟರ್ ಇದು. ಹಬ್ಬ ಒಂದ್ಸಲ ಹ್ಯೂಸ್ಟನ್ನಿಗೆ ಹೋದ್ರೆ ವಾಪಸ್ ಬರಲ್ಲ." ತಟ್ಟೆಯ ಚುಕ್ಕೆಗಳನ್ನು ಪಕ್ಕಕ್ಕೆ ಸರಿಸಿ ಬಿಸಿ ಟಾಕೊ ಇಟ್ಟಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಮೊದಲು ತಿನ್ನು. ಆಮೇಲೆ ಬೈಯಿ."

ಲುಂಡ್ ತಿಂದಳು. ಬೈಯಲಿಲ್ಲ. ತಿನ್ನುತ್ತಲೇ ಫೋನು ಮಾಡಿ, ಮಂಗಳವಾರದವರೆಗೆ ರಾಕೆಟ್ಟು ಏಳುವುದಿಲ್ಲವೆಂದಳು. ಆ ಕಡೆಯ ಕೂಗು ಗಾಡಿಯ ಒಳಗೂ ಕೇಳಿಸಿತು.

ಭಾನುವಾರ ರಸ್ತೆ ತೆರೆದಿತ್ತು. ಬಳಗದ ಮೂವತ್ತೊಂದು ಜನ ತೀರಕ್ಕೆ ಬಂದರು. ತ್ರಿನಿ ನೀರಿನ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಪಾದ ಮುಳುಗಿಸಿ ಕೂತಳು. ನೊಯೆಮಿ ಮಾತ್ರ ಇಳಿದಾಗಿನಿಂದ ಗೊಣಗುತ್ತಿದ್ದಳು. ಮರಳು, ಗಾಳಿ, ಮಾಂಸದ ಹೊಗೆ ಯಾವುದೂ ಸರಿಯಿಲ್ಲ. "ಈ ವರ್ಷ ಏನೋ ಆಯ್ತು. ಮುಂದಿನ ವರ್ಷ ನಮ್ಮನೇಲೇ. ಈಗಲೇ ಎಲ್ರೂ ಬರ್ಕೊಳ್ಳಿ."

ಅಳಿಯಂದಿರು ತಲೆಯಾಡಿಸಿದರು. ಕಾಂದೆಲಾರಿಯಾಳ ಮುಖ ಸಣ್ಣದಾಯಿತು. ಇಷ್ಟೆಲ್ಲ ಮಾಡಿ ಉಳಿದದ್ದು ಒಂದೇ ಭಾನುವಾರವೇ?

ಹಾಗಿರುವಾಗ ಮರಳ ಮೇಲೆ ಬಿಳಿ ಗಾಡಿಯೊಂದು ಬಂದು ನಿಂತಿತು. ಇಳಿದವನು ವಿನ್‌ಥ್ರಾಪ್ ಕೇಲ್. ಜೊತೆಗೆ ಕಪ್ಪು ಕನ್ನಡಕದವನೊಬ್ಬ. ಕೇಲ್ ಟಿವಿಯಲ್ಲಿ ಕಾಣುವುದಕ್ಕಿಂತ ಕುಳ್ಳ.

"ಮೊಟ್ಟೆ ಒಡೆದವರು ಯಾರು?"

"ಒಡೆದವರು ನಿನ್ನ ಹುಡುಗರಪ್ಪ," ಎಂದಳು ತ್ರಿನಿ ಕೂತಲ್ಲಿಂದಲೇ. "ನಾವು ಕೊಟ್ಟವರು."

"ಮನುಷ್ಯಕುಲದ ಭವಿಷ್ಯ ನಿಮ್ಮಿಂದ ಎರಡು ದಿನ ತಡವಾಯ್ತು, ಗೊತ್ತಾ ಅಮ್ಮಾವ್ರೇ?"

"ಮನುಷ್ಯಕುಲ ಇಲ್ಲೇ ಇದೆಯಲ್ಲಪ್ಪ, ಮಾಂಸ ಸುಡ್ತಾ ಇದೆ. ಅದಿರ್ಲಿ, ಮಂಗಳದಲ್ಲಿ ಕಡಲಿದೆಯಾ?"

"ಈಗಿಲ್ಲ. ಬಹಳ ಹಿಂದೆ ಇತ್ತು ಅಂತಾರೆ."

"ಅಲ್ಲೂ ಯಾರೋ ರಸ್ತೆ ಮುಚ್ಚಿರಬೇಕು."

ಕಪ್ಪು ಕನ್ನಡಕದವನಿಗೆ ಕೆಮ್ಮು ಬಂತು. ಕೇಲ್ ನಗಲಿಲ್ಲ. "ಮುಂದಿನ ವರ್ಷದಿಂದ ಈ ತೊಂದರೆ ಇರಲ್ಲ ಬಿಡಿ. ಬೇಲಿ ಇಲ್ಲೀವರೆಗೂ ಬರುತ್ತೆ. ನಲವತ್ತು ಮೈಲಿ ಉತ್ತರಕ್ಕೆ ಇನ್ನೊಂದು ತೀರ ಇದೆ. ನಿಮ್ಮ ಹಬ್ಬ ಅಲ್ಲಿ ಮಾಡ್ಕೊಳ್ಳಿ, ಬಸ್ಸು ನಾನು ಕೊಡ್ತೀನಿ. ತೀರ್ಮಾನ ಆಗಿದೆ."

"ಯಾರು ತೀರ್ಮಾನ ಮಾಡಿದ್ದು?"

ಕೇಳಿದವಳು ನೊಯೆಮಿ. ಕೈಯಲ್ಲಿ ಮಾಂಸ ಮಗುಚುವ ಇಕ್ಕುಳ.

"ನಮ್ಮ ಮನೆ ಹಬ್ಬ ಎಲ್ಲಿ ಅಂತ ಹೇಳೋಳು ನಾನು. ಐವತ್ತು ವರ್ಷದಿಂದ ನಾನೇ ಹೇಳ್ತಿರೋದು. ನಮ್ಮಪ್ಪ ಹೇಳಿದ್ರೂ ಕೇಳ್ದೋಳಲ್ಲ. ನೀನ್ಯಾರಯ್ಯ ಬಸ್ಸು ಹತ್ತಿಸೋಕೆ?"

"ಮೇಡಂ, ಕಾನೂನು ಪ್ರಕಾರ..."

"ಕಾನೂನು ನನ್ನ ಮಗಳೂ ಓದಿದ್ದಾಳೆ, ಆಮೇಲೆ ಮಾತಾಡ್ತಾಳೆ, ಈಗ ಊಟ ಮಾಡ್ತಿದ್ದಾಳೆ. ಎಲ್ರೂ ಕೇಳಿಸ್ಕೊಳ್ರೋ! ಮುಂದಿನ ವರ್ಷ ಇಲ್ಲೇ. ಗುರುವಾರವೇ ಡೇರೆ ಹಾಕೋದು. ಬರದೇ ಇರೋರು ನನ್ನ ಮುಖ ನೋಡಬೇಡಿ."

ಅಳಿಯಂದಿರು ಮತ್ತೆ ತಲೆಯಾಡಿಸಿದರು.

ಅಕ್ಕನ ಸಿಟ್ಟು ಒಳ್ಳೆ ಹದಕ್ಕೆ ಬಂದಾಗ ನಡುವೆ ಸೌಟು ಹಾಕಬಾರದೆಂದು ಕಾಂದೆಲಾರಿಯಾಗೆ ಗೊತ್ತಿತ್ತು.

"ನೀನ್ಯಾಕೆ ನಗ್ತಿದ್ದೀಯೇ?" ಎಂದು ನೊಯೆಮಿ ಅವಳ ಕಡೆ ತಿರುಗಿದಳು.

"ನಾನೆಲ್ಲಿ ನಗ್ತಿದ್ದೀನಿ? ಕಣ್ಣಿಗೆ ಹೊಗೆ ಅಕ್ಕ."

ಬಿಳಿ ಗಾಡಿ ಹೊರಟುಹೋಯಿತು. ದಿಣ್ಣೆಯ ಪಕ್ಕದಲ್ಲಿ ಬೇಲಿಗೆಂದು ಅಳತೆ ಮಾಡಿ ನೆಟ್ಟ ಕಂಬಗಳು ಐದಾರು ಇದ್ದವು. ನೊಯೆಮಿ ನೆಟ್ಟಗೆ ಅಲ್ಲಿಗೆ ನಡೆದು, ಮೊದಲ ಕಂಬವನ್ನು ಅಲ್ಲಾಡಿಸಿ ನೋಡಿ, ಮೊಮ್ಮಕ್ಕಳ ಒದ್ದೆ ಟವೆಲ್ಲುಗಳನ್ನು ಒಂದೊಂದಾಗಿ ಒಣಹಾಕತೊಡಗಿದಳು.

"ಗಟ್ಟಿಯಾಗೇನೋ ನೆಟ್ಟಿದ್ದಾರೆ," ಎಂದಳು. "ಇನ್ನೂ ನಾಲ್ಕು ಬೇಕಿತ್ತು."