ಬೀದಿಗೆ ಮುಖ

ಹೆಣದ ಹಣೆಗೆ ವಿಭೂತಿ ಬಳಿಯುತ್ತಿದ್ದ ಗುಂಡಮ್ಮ ಕೈ ಹಾಗೇ ನಿಲ್ಲಿಸಿ ಹೊಸ್ತಿಲ ಕಡೆ ನೋಡಿದಳು.

"ಬಂದಿಯೇನವ್ವಾ? ಅಪ್ಪ ಇದ್ದಾಗ ಸಿಗದ ದಾರಿ ಇವತ್ತು ಸಿಕ್ತೇನು?"

ಭಾಲ್ಕಿಯಿಂದ ಬಂದಿದ್ದ ಈ ಸೋದರತ್ತೆಯತ್ತ ನೋಡದೆ ಸುಂದರಬಾಯಿ ಹೊಸ್ತಿಲು ದಾಟಿದಳು. ಔರಾದದ ಬಸ್ಸಿನ ಕೆಂಪು ಧೂಳು ಸೆರಗಿನಲ್ಲೇ ಇತ್ತು. ಒಳಗೆ ಅಪ್ಪ ಶಿವರಾಜಪ್ಪನನ್ನು ಲಿಂಗಾಯತರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಬದುಕಿದ್ದಾಗಲೂ ಅವನು ಶತರಂಜದ, ಅಂದರೆ ಚದುರಂಗದ, ಹಾಸಿನ ಮುಂದೆ ಹೀಗೇ ತಲೆ ತಗ್ಗಿಸಿ ಕೂಡುತ್ತಿದ್ದ. ಮದುವೆಯಾದ ಮೇಲೆ ಅಪ್ಪ ತನ್ನನ್ನು ಒಮ್ಮೆಯಾದರೂ ನೆನೆದನೇ? ಅವಳಿಗೆ ಬೇಕಾಗಿದ್ದು ಅದೊಂದೇ. ಕೇಳುವುದಾದರೂ ಯಾರನ್ನು?

ಅಂಗಳದಲ್ಲಿದ್ದವರು ಬೆರಳೆಣಿಕೆಯ ಮಂದಿ. ಬೀದಿಯಲ್ಲಿ ಬಾವುಟ, ಪೇಢೆ, ಜೈಕಾರ: ಅಂದಿನಿಂದ ಊರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿತ್ತು.

"ನಿನ್ನಿ ಹೈದರಾಬಾದಿನಾಗ ಸತ್ತ, ಇವತ್ತ ಮೈಸೂರ ರಾಜ್ಯದಾಗ ಮಣ್ಣಾಗ್ತಾನ" ಎಂದ ಪಕ್ಕದ ಮನೆಯ ಹಾವಗೆಪ್ಪ. "ಮುದುಕ ಹೋಗೂ ಮುಂದನೂ ಒಂದು ಚಾಲ್ ನಡದ ನೋಡ್ರಿ."

"ಗಿಡ ಕಡದಂಗ ಮಂದೀನ ಕಡಕೊಂತ ಬಂದ. ಈಗ ಹೊರೂದಕ್ಕೂ ಮಂದಿಲ್ಲ" ಎಂದು ಗುಂಡಮ್ಮ ಮೂಗು ಒರೆಸಿಕೊಂಡಳು.

ಅದು ಸುಳ್ಳಲ್ಲ. ಶಿವರಾಜಪ್ಪನದು ಬೀಜದ ಅಂಗಡಿ. ಒಮ್ಮೆ ಕೊಸರಾಡಿದ ಗಿರಾಕಿಗೆ ಅವನು ಮತ್ತೆ ತಕ್ಕಡಿ ಎತ್ತುತ್ತಿರಲಿಲ್ಲ. ಒಮ್ಮೆ ಮಾತು ತಪ್ಪಿದ ನೆಂಟನಿಗೆ ಮತ್ತೆ ಚಹಾ ಇಲ್ಲ. ಹೀಗೆ ಎಲ್ಲರೂ ಹೋಗಿ ಕೊನೆಗೆ ಉಳಿದವನು ಜೊತೆ ಆಡುತ್ತಿದ್ದ ಉಸ್ಮಾನ ಮಿಯಾ ಒಬ್ಬ. ಅವನು ಜಗಲಿಯ ಮೂಲೆಯಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಜಗಲಿಯ ಮೇಲೆ ಶತರಂಜದ ಹಾಸು ಹಾಗೇ ಇತ್ತು. ಅಪ್ಪ ಕೂಡುತ್ತಿದ್ದ ಕೌದಿ ಮಾತ್ರ ಎಂದಿನ ಕಡೆ ಇರಲಿಲ್ಲ. ಹೋಗಿಬರುವವರ ಗೊಡವೆ ಬೇಡವೆಂದು ಅವನು ಯಾವಾಗಲೂ ಬೀದಿಗೆ ಬೆನ್ನು ಹಾಕುತ್ತಿದ್ದವ. ಕೌದಿ ಈಗ ಎದುರು ಬದಿಗಿತ್ತು. ಸಾವಿನ ಗಡಿಬಿಡಿಯಲ್ಲಿ ಯಾರೋ ಎಳೆದಿರಬೇಕು ಎಂದುಕೊಂಡಳು.

*

ಲಂಗ ಉಡುವ ವಯಸ್ಸಿನಲ್ಲಿ ಅವಳಿಗೆ ಆಟ ಕಲಿಸಿದವನು ಅಪ್ಪನೇ.

"ಎಲ್ಲಾ ಚಾಲ್ ನೋಡಾಕ ಹೋದ್ರ ಜನ್ಮ ಸಾಲಂಗಿಲ್ಲ. ಒಂದು ಚಾಲಿಗೆ ಒಂದು ಕೆಟ್ಟ ಜವಾಬು ಕಂಡ್ರ ಸಾಕು, ಅದನ್ನ ಬಿಟ್ಟುಬಿಡು. ಎಷ್ಟು ಕೆಟ್ಟದ್ದಂತ ಅಳೆಯೂದ್ಯಾಕ?"

"ಕಾಯಿಯಿಂದ ಕೈ ಎತ್ತಿದ ಮ್ಯಾಲೆ?"

"ಮತ್ತ ಮುಟ್ಟೂದಿಲ್ಲ. ಎದುರಿನವರ ಪಾಳಿ ಮುಗಿಯೂ ತನಕ ಸುಮ್ಮ ಕೂಡಬೇಕು."

ಒಂದು ದಿನ ಅವಳು ವಜೀರನನ್ನು ಸುಮ್ಮನೆ ಕೊಟ್ಟಳು. ಅಪ್ಪ ನಕ್ಕು ಹೊಡೆದ. ಮರುನಡೆಗೆ ಅವಳ ಕುದುರೆ ಅವನ ರಾಜನನ್ನು ಮೂಲೆಯಲ್ಲಿ ಕಟ್ಟಿಹಾಕಿತು.

"ವಜೀರ ಹೋಗ್ತಾನಂತ ನಾ ಆ ಕಡಿ ನೋಡಲೇ ಇಲ್ಲಲ್ಲೇ" ಎಂದು ಅಪ್ಪ ಬೆಪ್ಪಾಗಿದ್ದ.

ಮುಂದೆ ಅವಳು ಔರಾದದ ದತ್ತಾತ್ರಿಯನ್ನು ಮದುವೆಯಾಗುತ್ತೇನೆ ಎಂದಳು. ಬೇರೆ ಜಾತಿಯ ಹುಡುಗ. ಅಪ್ಪ ಬೈಯಲಿಲ್ಲ, ಹುಡುಗ ಹೇಗೆ ಎಂದು ಕೇಳಲೂ ಇಲ್ಲ. ಬೀದಿಗೆ ಬೆನ್ನು ಹಾಕಿ ಆಟಕ್ಕೆ ಕೂತುಬಿಟ್ಟ.

*

ಈ ಶ್ರಾವಣದಲ್ಲಿ ಔರಾದದ ಅವಳ ಮನೆಯೆದುರು, ಬೇವಿನ ಮರದ ಕೆಳಗೆ ಅಪ್ಪ ನಿಂತಿದ್ದ. ಅವಳು ಹೊಸ್ತಿಲ ತನಕ ಓಡಿಬಂದಳು. ಆದರೆ ಗಂಡನಿಗೆ ಓಣಿಯ ಮುಂದೆ ಏನಾದರೂ ಅಂದುಬಿಟ್ಟರೆ? ಆ ಒಂದು ಯೋಚನೆ ಸಾಕಾಯಿತು. ಬಾಗಿಲು ಹಾಕಿ ಹಿಂದೆಯೇ ನಿಂತಳು. ಬಾಗಿಲು ಬಡಿಯಲಿ, ತೆಗೆಯುತ್ತೇನೆ ಎಂದು ಚಿಲಕದ ಮೇಲೆ ಕೈಯಿಟ್ಟು ಕಾದಳು. ಬಡಿಯಲಿಲ್ಲ. ತೆಗೆದು ನೋಡಿದಾಗ ಮರದ ಕೆಳಗೆ ಯಾರೂ ಇರಲಿಲ್ಲ. ತನ್ನನ್ನು ನೋಡಲು ಬಂದಿದ್ದನೋ, ಬೀಜದ ವ್ಯಾಪಾರಕ್ಕೆ ಬಂದವನು ಸುಮ್ಮನೆ ನೆರಳಿಗೆ ನಿಂತಿದ್ದನೋ, ತಿಳಿಯದೇ ಉಳಿಯಿತು.

ಅಪ್ಪನ ಮಗಳೇ ಅವಳು.

*

ಮಣ್ಣು ಮುಗಿಯಿತು. ಕೈಕಾಲು ತೊಳೆದು ಎಲ್ಲರೂ ಚದುರಿದರು. ಜಗಲಿಯಲ್ಲಿ ಉಸ್ಮಾನ ಮಿಯಾ ಬೀದಿಗೆ ಬೆನ್ನು ಹಾಕಿ ಕೂತಿದ್ದ.

"ಕಾಕಾ, ಅಪ್ಪ ನನ್ನ ಹೆಸರು ಎಂದಾದ್ರೂ ತಗದಿದ್ದರೇನ್ರಿ?"

ಮಿಯಾ ಕಾಯಿಗಳನ್ನು ಚೀಲಕ್ಕೆ ತುಂಬುವುದನ್ನು ನಿಲ್ಲಿಸಿದ. "ಶ್ರಾವಣದಾಗ ಔರಾದಕ್ಕ ಹೋಗಿದ್ರು. ಬಾಗಿಲ ಕೆಳಗ ನಿನ್ನ ಕಾಲು ಕಂಡ್ವಂತ, ಬೇಟಿ."

"ಮತ್ತ ಬಾಗಿಲ ಯಾಕ ಬಡೀಲಿಲ್ರಿ?"

"ಬಾಗಿಲ ಬಡೀಬೇಕಿತ್ತಲ್ರಿ ಭಾಯಿ ಅಂದೆ. 'ನಾ ಅಲ್ಲೀ ತನಕ ನಡದು ಕೈ ಎತ್ತೀನಿ ಮಿಯಾ, ಈಗ ಆಕಿ ಪಾಳಿ. ವಿಚಾರ ಮಾಡ್ಲಿ. ನಾ ನೋಡದಿದ್ದದ್ದು ಆಕಿ ನೋಡ್ತಾಳ' ಅಂದ್ರು. ಅವತ್ತೇ ಈ ಜಾಗಾ ನನಗ ಕೊಟ್ಟು ತಾವು ಅಲ್ಲಿ ಕೂತ್ರು. ಆಮ್ಯಾಲೆ ಆಟದಾಗ ಖ್ಯಾಲೇ ಇರಲಿಲ್ಲ. ತಿರುವಿನಾಗ ಯಾರರೆ ಕಂಡ್ರ ತಲಿ ಎತ್ತೋರು. ಅವರಿಗೆ ದೂರದ್ದು ಕಾಣ್ತಿರಲಿಲ್ಲ, ನಾನೇ ಹೊಳ್ಳಿ ನೋಡಿ, ನೀ ಹೌದೋ ಅಲ್ಲೋ ಹೇಳಬೇಕು."

ಸುಂದರಬಾಯಿ ಮೆಲ್ಲಗೆ ಹೋಗಿ ಕೌದಿಯ ಮೇಲೆ ಕೂತಳು. ಅಲ್ಲಿಂದ ಬೀದಿ ಉದ್ದಕ್ಕೂ, ಬಸ್ಸಿಳಿದವರು ಹೊರಳುವ ತಿರುವಿನ ತನಕ ಕಾಣುತ್ತಿತ್ತು. ಬಾವುಟದವರು ಮನೆ ಸೇರಿದ್ದರು. ತಡೆದಿದ್ದ ಅಳು ಈಗ ಬಂತು.

ಅಷ್ಟರಲ್ಲಿ ತಿರುವಿನಲ್ಲಿ ಗಂಟು ಹೊತ್ತ ಹೆಂಗಸೊಬ್ಬಳು ಕಾಣಿಸಿದಳು. ಸುಂದರಬಾಯಿ ತಲೆ ಎತ್ತಿದಳು. ಉಸ್ಮಾನ ಮಿಯಾ ರೂಢಿಯಂತೆ ಹೊರಳಿ ಬೀದಿ ನೋಡಿ, ಮತ್ತೆ ಕಾಯಿಗಳ ಕಡೆ ಬಗ್ಗುತ್ತ ಹೇಳಿದ:

"ಆಕಿ ಅಲ್ರಿ, ಭಾಯಿ."