ಬೀಳ್ಕೊಡುಗೆಗೆ ಕರಿ ಸೂಟು

ಧೂಪದ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಎದೆಯ ಜೇಬಿನಲ್ಲಿ ಫೋನು ಗುರುಗುಟ್ಟಿತು.

ಮಿನಾಗಾವಾನ ಕೈ ಹಣೆಯ ಹತ್ತಿರವೇ ನಿಂತಿತು. ಇವತ್ತಿನ ಫುಟ್ಬಾಲ್ ಆಟಕ್ಕೆ ಇಳಿಯುವ ಹನ್ನೊಂದು ಮಂದಿಯ ಹೆಸರು ಹೊರಬಿದ್ದಿದೆ. ಅದರಲ್ಲಿ ರಿಕು ಇದ್ದಾನೋ ಇಲ್ಲವೋ. ಎದುರಿಗೆ ಪಟದೊಳಗಿನ ಅಪ್ಪ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಇವನನ್ನೇ ನೋಡುತ್ತಿದ್ದ. ಪುಡಿಯನ್ನು ಕೆಂಡದ ಮೇಲೆ ಉದುರಿಸಿದ. ಒಂದು ಸಲ ಆಯಿತೋ ಎರಡು ಸಲವೋ ಮರೆತುಹೋಯಿತು. ಇರಲಿ ಎಂದು ಇನ್ನೊಂದು ಚಿಟಿಕೆ ಹಾಕಿದ. ಸತ್ತವರು ಲೆಕ್ಕ ಇಡುವುದಿಲ್ಲ, ಅಕ್ಕ ಇಡುತ್ತಾಳೆ.

ಮರಳಿ ಬಂದು ಮಂಡಿಯೂರಿ ಕುಳಿತ. ಅಪ್ಪನ ಏಳನೆಯ ವರ್ಷದ ತಿಥಿ. ದೇವಾಲಯದ ಒಳಗೆ ತಂಪಿತ್ತು, ಕತ್ತಲಿತ್ತು, ಬುದ್ಧನ ಮುಖದಲ್ಲಿ ಯಾವ ಆತುರವೂ ಇರಲಿಲ್ಲ. ಗುರುಗಳು ತಾಳಕ್ಕೆಂದು ಟೊಳ್ಳು ಕೊರೆದ ಮರದ ಮೀನನ್ನು ಬಡಿಯುತ್ತ ಸೂತ್ರ ಓದುತ್ತಿದ್ದರು. ಟೊಕ್, ಟೊಕ್, ಟೊಕ್. ಮಿನಾಗಾವಾನ ತುಟಿಗಳೂ ಅಲುಗುತ್ತಿದ್ದವು. ಪಕ್ಕದಲ್ಲಿದ್ದ ಸೋದರತ್ತೆ, ಎಷ್ಟು ಓದಿದರೂ ಹುಡುಗ ಭಕ್ತಿ ಬಿಟ್ಟಿಲ್ಲವಲ್ಲ ಎಂದು ಮೆಚ್ಚುಗೆಯಿಂದ ನೋಡಿದಳು. ಅವನ ಬಾಯಲ್ಲಿ ಬರುತ್ತಿದ್ದುದು ಸೂತ್ರವಲ್ಲ. ಗ್ಯಾಲರಿಯಲ್ಲಿ ರಿಕುವಿಗಾಗಿ ಕಟ್ಟಿ ಹಾಡುವ ಎರಡು ಸಾಲಿನ ಕೂಗು. ಮರದ ಮೀನಿನ ತಾಳಕ್ಕೆ ಅದು ಅಚ್ಚುಕಟ್ಟಾಗಿ ಕೂತುಬಿಟ್ಟಿತ್ತು. ಬಿಡಿಸಲು ನೋಡಿದ, ಬಿಡಲಿಲ್ಲ.

ಶಿಯೊಮಿ ಊರಿನ ತಂಡ ಎರಡನೆಯ ದರ್ಜೆಯದು. ಗೆಲ್ಲುವುದಕ್ಕಿಂತ ಬೀಳ್ಕೊಡುವುದರಲ್ಲಿ ಅದಕ್ಕೆ ಹೆಚ್ಚು ಹೆಸರು. ಹುಡುಗರನ್ನು ಹನ್ನೆರಡು ಹದಿಮೂರರಲ್ಲಿ ತಂದು ಅನ್ನ ಹಾಕಿ ಬೆಳೆಸುವುದು, ಮೀಸೆ ಮೂಡುವ ಹೊತ್ತಿಗೆ ಯುರೋಪಿಗೆ ಕಳಿಸಿಕೊಟ್ಟು ಕಣ್ಣೊರೆಸಿಕೊಳ್ಳುವುದು. ಅಸಾಹಿನಾ ರಿಕು ಅಂಥವರಲ್ಲಿ ಇತ್ತೀಚಿನವನು. ಹತ್ತೊಂಬತ್ತು ವರ್ಷ, ಎಡಗಾಲಿನ ಆಟ. ಬೆಲ್ಜಿಯಂನ ಒಂದು ಸಣ್ಣ ಊರಿನ ಕ್ಲಬ್ಬು ಅವನನ್ನು ಕೊಂಡಿತ್ತು. ಆ ಊರಿನ ಹೆಸರನ್ನು ಶಿಯೊಮಿಯ ಜನ ಹದಿನೈದು ದಿನದಿಂದ ಬಗೆಬಗೆಯಾಗಿ ಉಚ್ಚರಿಸಿ ಹೆಮ್ಮೆಪಡುತ್ತಿದ್ದರು. ಇವತ್ತು ಅವನ ಕಡೆಯ ಆಟ.

ಅವನನ್ನು ಮೊದಲು ಕಂಡವನು ತಾನೇ ಎಂದು ಮಿನಾಗಾವಾನ ನಂಬಿಕೆ. ಹುಲ್ಲು ಹರಿದ ಕಿರಿಯರ ಅಂಗಳದಲ್ಲಿ, ಹದಿಮೂರರ ಹುಡುಗ ಮೂವರನ್ನು ದಾಟಿ ಚೆಂಡನ್ನು ಕಂಬಕ್ಕೆ ಹೊಡೆದ ದಿನ, ನೋಡಲು ನಿಂತಿದ್ದವರು ತಾಯಂದಿರನ್ನು ಬಿಟ್ಟರೆ ಇವನೊಬ್ಬನೇ. ಇದೇ ನಂಬಿಕೆಯವರು ಊರಿನಲ್ಲಿ ಇನ್ನೂ ನಲವತ್ತು ಮಂದಿಯಾದರೂ ಇದ್ದರು. ಅವರ ಬಗ್ಗೆ ಇವನಿಗೆ ಕನಿಕರ. ಅವರು ಅಭಿಮಾನಿಗಳು. ತಾನು ಕಾಲೇಜಿನಲ್ಲಿ ನೀತಿಶಾಸ್ತ್ರ ಹೇಳುವವನು, ನೋಡುವವನು, ಅಷ್ಟೆ.

ನಾಲ್ಕು ವರ್ಷದ ಕೆಳಗೆ ಅಭ್ಯಾಸದ ಅಂಗಳದ ಗೇಟಿನಲ್ಲಿ ರಿಕು ಸೈಕಲ್ಲಿನಿಂದ ಇಳಿದು ಇವನ ಕಡೆ ತಲೆಬಾಗಿ, “ಯಾವಾಗಲೂ ಬರ್ತೀರ, ತುಂಬಾ ಥ್ಯಾಂಕ್ಸ್” ಎಂದಿದ್ದ. ಆ ಮಾತನ್ನು ಆಟಗಾರರು ಎಲ್ಲರಿಗೂ ಹೇಳುತ್ತಾರೆ. ಮೊದಲ ಸಲ ಬಂದವನಿಗೂ ಹೇಳುತ್ತಾರೆ, ಗೇಟಿನ ಕಾವಲುಗಾರನಿಗೂ ಹೇಳುತ್ತಾರೆ. ಇದು ಮಿನಾಗಾವಾನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಗುರುತಿಲ್ಲದವನಿಗೆ ‘ಯಾವಾಗಲೂ’ ಎನ್ನುತ್ತಾರೆಯೇ? ಆ ಒಂದು ಪದವನ್ನು ನಾಲ್ಕು ವರ್ಷ ನಾಲಗೆಯ ಕೆಳಗೆ ಇಟ್ಟುಕೊಂಡು ಚಪ್ಪರಿಸಿದ್ದ. ಈಗ ಅದರ ಸಿಹಿ ಮುಗಿದಿತ್ತು. ಹುಡುಗ ಹೋಗುವುದರೊಳಗೆ ಇನ್ನೊಂದು ಮಾತು ಬೇಕು. ಬೇರೆ ಯಾರಿಗೂ ಹೇಳಲಾಗದ, ತನಗೊಬ್ಬನಿಗೇ ಸಲ್ಲುವ ಒಂದು ಮಾತು. ಇಷ್ಟು ಸಣ್ಣ ಆಸೆಗೆ ನಾಚಿಕೆ ಯಾಕೆ ಎಂದು ತನ್ನನ್ನೇ ಕೇಳಿಕೊಂಡಿದ್ದ. ನಾಚಿಕೆಯಂತೂ ಆಗುತ್ತಲೇ ಇತ್ತು.

ಸೂತ್ರ ಮುಗಿಯಿತು. ಎಲ್ಲರೂ ಮರಗಟ್ಟಿದ ಕಾಲನ್ನು ಉಜ್ಜಿಕೊಳ್ಳುವಾಗ ಅವನು ಕಂಬದ ಮರೆಗೆ ಹೋಗಿ ಫೋನು ನೋಡಿದ. ಹನ್ನೊಂದರಲ್ಲಿ ರಿಕು ಇರಲಿಲ್ಲ. ಕಾಯ್ದಿರಿಸಿದವರ ಸಾಲಿನಲ್ಲಿದ್ದ. ಕಡೆಯ ಆಟಕ್ಕೂ ಬೆಂಚೇ!

“ಯಾರ ಫೋನು?” ಅಕ್ಕ ತೊಮಿಕೊ ಬೆನ್ನ ಹಿಂದೆಯೇ ನಿಂತಿದ್ದಳು.

“ಕಾಲೇಜಿಂದು.”

“ಶನಿವಾರ?”

“ಪರೀಕ್ಷೆ ಕೆಲಸ. ಊಟಕ್ಕೆ ನಿಲ್ಲೋಕಾಗಲ್ಲ ಅಕ್ಕ, ಹೊರಡಬೇಕು.”

ತೊಮಿಕೊ ಅವನ ಮುಖವನ್ನು ಮೀನಿನ ಕಿವಿರು ನೋಡುವಂತೆ ನೋಡಿದಳು. ಬಂದರಿನಲ್ಲಿ ಹರಾಜು ಕೂಗುತ್ತಿದ್ದವನ ಮಗಳು. ತಾಜಾ ಯಾವುದು, ಹಳಸಿದ್ದು ಯಾವುದು, ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

“ಅಪ್ಪ ಕೂಗ್ತಾ ಇದ್ದಿದ್ದು ನೆನಪಿದೆಯೇನೋ ನಿಂಗೆ? ಆ ದನಿ?”

“ಇಲ್ಲದೆ ಏನು.”

“ಹೇಳು ನೋಡೋಣ, ಹೆಂಗೆ ಕೂಗೋನು?”

ಮಿನಾಗಾವಾ ಬಾಯಿ ತೆರೆದ. ಒಳಗಿನಿಂದ ಎರಡು ಸಾಲಿನ ಆ ಕೂಗು ಮಾತ್ರ ಮೇಲೆದ್ದು ಬಂತು. ಬಾಯಿ ಮುಚ್ಚಿದ.

“ಹೋಗು ಹೋಗು,” ಎಂದಳು ತೊಮಿಕೊ. “ಪರೀಕ್ಷೆ ಬರೆಯೋರು ಕಾಯ್ತಾ ಇರ್ತಾರೆ. ಅವರು ಎಡಗಾಲಲ್ಲಿ ಬರೀತಾರೋ ಏನೋ!”

ಬಸ್ಸು ಹತ್ತಿದ ಮೇಲೆಯೇ ಅವನಿಗೆ ನೆನಪಾದದ್ದು: ತಂಡದ ಕಿತ್ತಳೆ ಅಂಗಿ ಇದ್ದ ಚೀಲ ಅಕ್ಕನ ಕಾರಿನಲ್ಲೇ ಉಳಿದಿತ್ತು. ಮೈಮೇಲೆ ಕರಿ ಸೂಟು, ಕರಿ ಟೈ, ಎಡಗೈಯಲ್ಲಿ ಜಪಮಣಿ. ಕಿಟಕಿಯ ಗಾಜಿನಲ್ಲಿ ಕಂಡವನು ತನ್ನದೇ ಶವಯಾತ್ರೆಗೆ ತಡವಾಗಿ ಹೊರಟವನಂತಿದ್ದ.

ಗೋಲು ಕಂಬದ ಹಿಂದಿನ ಗ್ಯಾಲರಿ ಪೂರ್ತಿ ಕಿತ್ತಳೆ. ನಡುವೆ ಇವನೊಬ್ಬ ಕರಿ ಚುಕ್ಕೆ. ಡೋಲು ಬಾರಿಸುವ ಗೊಂದೊ ದೂರದಿಂದಲೇ ಕಂಡು ಕೋಲೆತ್ತಿದ. ಅವನದು ಚಾಪೆ ಹೆಣೆಯುವ ಅಂಗಡಿ. ವಾರವಿಡೀ ಮಂಡಿಯೂರಿ ಕೂತು ಶನಿವಾರ ಎದ್ದು ನಿಲ್ಲುತ್ತಾನೆ.

“ಏನ್ ಮೇಷ್ಟ್ರೇ ಇದು ಅವತಾರ! ಹುಡುಗ ಬೆಲ್ಜಿಯಂಗೆ ಹೋಗ್ತಿರೋದು, ಮಸಣಕ್ಕಲ್ಲ!”

ಸುತ್ತಲಿನವರು ನಕ್ಕರು.

“ಅಲ್ಲ, ಅದು…”

“ನಮಗೂ ದುಃಖ ಇದೆ ಸ್ವಾಮಿ. ಹಂಗಂತ ನಾವೇನು ತಿಥಿ ಊಟಕ್ಕೆ ಬಂದಿದೀವಾ? ಆ ಟೈ ಆದ್ರೂ ಬಿಚ್ಚಿ, ಅಪಶಕುನ.”

ಟೈ ಬಿಚ್ಚಿದರೆ ಅಂಗಿಯ ಮೇಲಿನ ಗುಂಡಿ ಇಲ್ಲದಿರುವುದು ಕಾಣುತ್ತಿತ್ತು. ಬಿಚ್ಚಲಿಲ್ಲ. “ತಂದೆಯ ಕಾರ್ಯ ಇತ್ತು” ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕಾರ್ಯ ಬಿಟ್ಟು ಬಂದೆಯಾ ಎಂದು ಕೇಳಿದರೆ? ಬೇಲಿಯ ಪಕ್ಕ, ತನ್ನ ಎಂದಿನ ಜಾಗದಲ್ಲಿ, ಹೋಗಿ ನಿಂತ.

ಆಟ ಎಂದಿನಂತಿತ್ತು. ನಮ್ಮವರು ಒಂದು ಗೋಲು ತಿಂದರು, ತಿಂದದ್ದನ್ನು ಅರಗಿಸಿಕೊಂಡರು. ಕೊನೆಯ ಹತ್ತು ನಿಮಿಷಕ್ಕೆ ರಿಕುವನ್ನು ಇಳಿಸಿದರು. ಅವನಿಗೆ ಒಂದೇ ಒಂದು ಅವಕಾಶ ಬಂತು, ಎಡಗಾಲಿಗೇ ಬಂತು. ಚೆಂಡು ಕಂಬದ ಮೇಲಿಂದ ಹಾರಿ ಮಿನಾಗಾವಾನ ತಲೆ ದಾಟಿ ಎಲ್ಲೋ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಗೋಲಾಗಿದ್ದರೂ ಇಷ್ಟೇ ತಟ್ಟುತ್ತಿದ್ದರು. ಪಕ್ಕದ ಹೆಂಗಸು, “ಯುರೋಪಲ್ಲಿ ಕಂಬ ಎತ್ತರ ಇರುತ್ತೇನೋ” ಎಂದಳು. ಯಾರೂ ನಗಲಿಲ್ಲ.

ಸೋಲು ಮುಗಿದ ಮೇಲೆ ಬೀಳ್ಕೊಡುಗೆ. ಯಾರೂ ಮನೆಗೆ ಹೋಗಲಿಲ್ಲ. ನಿಜವಾದ ಕಾರ್ಯಕ್ರಮ ಇದೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಕ್ಲಬ್ಬಿನ ಅಧ್ಯಕ್ಷರು ಹೂಗುಚ್ಛ ಕೊಟ್ಟರು. ಅವರಿಗೆ ಈ ಕೆಲಸ ಅಭ್ಯಾಸವಾಗಿತ್ತು. ಕೊಡುವಾಗ ಕ್ಯಾಮೆರಾದ ಕಡೆ ಎಷ್ಟು ತಿರುಗಬೇಕೆಂಬುದನ್ನು ಮೈಯೇ ಕಲಿತಿತ್ತು. ರಿಕು ಮೈಕಿನ ಮುಂದೆ ನಿಂತು, ಹಿಂದಿನ ವರ್ಷ ಹೋದವನೂ ಅದರ ಹಿಂದಿನ ವರ್ಷ ಹೋದವನೂ ಹೇಳಿದ್ದನ್ನೇ ಹೇಳಿದ. ಈ ಊರು ನನ್ನನ್ನು ಬೆಳೆಸಿತು. ದೊಡ್ಡವನಾಗಿ ತೋರಿಸುತ್ತೇನೆ. ಕೊನೆಗೆ, “ಹೋಗಿ ಬರ್ತೀನಿ!” ಎಂದ.

“ಹೋಗಿ ಬಾ!” ಎಂದಿತು ಗ್ಯಾಲರಿ, ಒಂದೇ ಕೊರಳಿನಲ್ಲಿ. ಈವರೆಗೆ ಬಂದವರು ಯಾರೂ ಇಲ್ಲ.

ನಂತರ ಅವನು ಹೂಗುಚ್ಛ ಹಿಡಿದು ಬೇಲಿಯುದ್ದಕ್ಕೂ ನಡೆಯತೊಡಗಿದ. ಜನ ಕೈ ಚಾಚಿದರು. ಅವನು ಒಂದೊಂದೇ ಅಂಗೈಯನ್ನು ತಟ್ಟುತ್ತ, “ಯಾವಾಗಲೂ ಥ್ಯಾಂಕ್ಸ್, ಯಾವಾಗಲೂ ಥ್ಯಾಂಕ್ಸ್” ಎನ್ನುತ್ತ ಬಂದ. ಭತ್ತದ ಸಸಿ ನೆಡುವವನ ಹಾಗೆ, ಸಮನಾದ ಅಂತರದಲ್ಲಿ ಅದನ್ನು ಎಲ್ಲರೊಳಗೂ ನೆಟ್ಟುಕೊಂಡು ಬರುತ್ತಿದ್ದ. ಮಿನಾಗಾವಾ ಎಣಿಸಿದ. ಇನ್ನು ಹತ್ತು ಜನ. ಇನ್ನು ನಾಲ್ಕು. ತನಗೂ ಅದೇ ಪದ ಸಿಗುತ್ತದೆ, ಆಮೇಲೆ ಪಕ್ಕದ ಹೆಂಗಸಿಗೆ, ಆಮೇಲೆ ವಿಮಾನ. ಎಡಗೈ ಮುಂದೆ ಚಾಚಿದ.

ರಿಕುವಿನ ಕೈ ಗಾಳಿಯಲ್ಲೇ ನಿಂತಿತು. ಅವನು ಜಪಮಣಿಯನ್ನು ನೋಡಿದ. ಕರಿ ಟೈ ನೋಡಿದ. ನಗು ಮೆಲ್ಲಗೆ ಇಳಿಯಿತು. ಹಿರಿಯರ ಕೈಯಲ್ಲಿ ಬೆಳೆದ ಹುಡುಗ. ಮೈ ನೆಟ್ಟಗಾಯಿತು, ಪಾದಗಳು ಜೋಡಿಯಾದವು.

“ಮನೇಲಿ ಯಾರಾದರೂ…?”

“ನನ್ನ ತಂದೆ,” ಎಂದ ಮಿನಾಗಾವಾ.

“ಅಯ್ಯೋ. ಯಾವಾಗ?”

ಹಿಂದೆ ಜನ ತಳ್ಳುತ್ತಿದ್ದರು. ಕ್ಯಾಮೆರಾ ಹೊತ್ತವನು ಹತ್ತಿರ ಬಂದ. ಸರಿಯಾದ ಉತ್ತರಕ್ಕೆ ಈ ಹುಡುಗನನ್ನು ಇನ್ನು ಒಂದು ಕ್ಷಣವೂ ಇಲ್ಲಿ ನಿಲ್ಲಿಸುವ ಶಕ್ತಿ ಇರಲಿಲ್ಲ. ಅದನ್ನು ಹೇಳಿದರೆ ಅವನು ‘ಓಹೋ’ ಎಂದು ತಲೆಬಾಗಿ ಮುಂದೆ ಹೋಗುತ್ತಾನೆ.

“ಇವತ್ತು ಬೆಳಿಗ್ಗೆ.”

ಹೇಳಿದವರು ಯಾರೆಂದು ಅವನೇ ಒಮ್ಮೆ ಪಕ್ಕಕ್ಕೆ ನೋಡಿದ. ಕಾರ್ಯ ನಡೆದದ್ದು ಇವತ್ತು ಬೆಳಿಗ್ಗೆಯೇ, ಅಷ್ಟರ ಮಟ್ಟಿಗೆ ಇದು ಸುಳ್ಳಲ್ಲ ಎಂದು ಒಳಗಿನ ನೀತಿಶಾಸ್ತ್ರದ ಮೇಷ್ಟ್ರು ತಕ್ಷಣ ಎದ್ದು ವಾದ ಮಂಡಿಸಿದ. ಅವನನ್ನು ಕೂರಿಸಿದ.

ರಿಕುವಿನ ಕಣ್ಣು ತುಂಬಿತ್ತು. “ಅಂಥ ದಿನಾನೂ ಬಂದಿದೀರ. ನನಗೋಸ್ಕರ.” ಹೂಗುಚ್ಛವನ್ನು ಎರಡೂ ಕೈಯಲ್ಲಿ ಹಿಡಿದು ಬೇಲಿಯ ಮೇಲಿಂದ ಚಾಚಿದ. “ಇದು ನಿಮ್ಮ ತಂದೆಯವರಿಗೆ. ನಾನು ಅಲ್ಲಿ ಹೊಡೆಯೋ ಮೊದಲ ಗೋಲು ಅವರದೇ. ಖಂಡಿತ.”

ಬೇರೆ ಯಾರಿಗೂ ಹೇಳಲಾಗದ ಮಾತು. ಮಿನಾಗಾವಾನಿಗೆ ಅದು ಸಿಕ್ಕಿತ್ತು. ಆರು ವರ್ಷ ಹುಲ್ಲಿನ ಅಂಚಿನಲ್ಲಿ ನಿಂತದ್ದು, ಮಳೆ, ಬಿಸಿಲು, ಎಲ್ಲ ಈ ಹುಡುಗನಿಗೆ ಕಂಡಿತ್ತು. ಕಂಡೇ ಇತ್ತು!

“ಕ್ಷಮಿಸಿ,” ಎಂದ ರಿಕು ಮೆಲ್ಲಗೆ. “ತಮ್ಮ ಹೆಸರು?”

ಹೂಗುಚ್ಛದ ಕಾಗದ ಕೈಯಲ್ಲಿ ಸರಗುಟ್ಟಿತು.

“ಮಿನಾಗಾವಾ.”

“ಮಿನಾಗಾವಾ ಅವರೇ. ಮರೆಯಲ್ಲ.” ಅವನು ಆಳವಾಗಿ ಬಾಗಿದ. ಮೇಲೆದ್ದು, ಮುಖ ಒರೆಸಿಕೊಂಡು, ಪಕ್ಕದ ಹೆಂಗಸಿನ ಅಂಗೈ ತಟ್ಟಿ, “ಯಾವಾಗಲೂ ಥ್ಯಾಂಕ್ಸ್” ಎಂದ. ಅವಳು ಬಂದದ್ದು ಇದೇ ಮೊದಲ ಸಲ. ಮುಂದೆ, ಇನ್ನೂ ಮುಂದೆ ಹೋದ. ಅಂಗಳದ ಮೂಲೆಯ ಸುರಂಗ ಅವನನ್ನು ನುಂಗಿತು.

ಮಾತು ಬಾಯಿಂದ ಬಾಯಿಗೆ ದಾಟಿ ಹೋಗಿ ಡೋಲು ನಿಂತಿತ್ತು. ಗೊಂದೊ ಎದುರಿಗೆ ಬಂದು ನಿಂತ. ಟೋಪಿ ಕೈಯಲ್ಲಿತ್ತು.

“ಮೇಷ್ಟ್ರೇ… ಹೇಳಬಾರದಿತ್ತಾ? ನಾನು ಪಾಪಿ, ಏನೇನೋ ಒದರಿಬಿಟ್ಟೆ. ಮಸಣ ಅಂದೆ. ತಿಥಿ ಊಟ ಅಂದೆ.”

“ಪರವಾಗಿಲ್ಲ ಗೊಂದೊ, ನೋಡಿ, ನಿಜ ಹೇಳಬೇಕಂದ್ರೆ…”

“ಏನೂ ಹೇಳಬೇಡಿ. ಇವತ್ತು ನೀವು ಮಾತಾಡಬಾರದು.” ಗೊಂದೊ ಕಣ್ಣೀರು ಸುರಿಸುತ್ತ ಸೊಂಟ ಬಗ್ಗಿಸಿ ನಮಸ್ಕರಿಸಿದ. “ತಂದೆಯವರಿಗೆ ಶಾಂತಿ ಸಿಗಲಿ.”

ಮಿನಾಗಾವಾ ಬಾಗಿದ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಸಾವಿನ ಮನೆಯ ಹಿರಿಮಗ ಹೇಗೆ ಬಾಗಬೇಕೋ ಹಾಗೆಯೇ ಸೊಂಟ ತಾನಾಗಿ ಬಾಗಿತು. ತಲೆ ಎತ್ತಿದಾಗ ಅಂಗಳದ ಆಚೆಯ ದೊಡ್ಡ ಪರದೆಯ ಮೇಲೆ ಕರಿ ಸೂಟಿನವನೊಬ್ಬ ಹೂ ಹಿಡಿದು ತಲೆ ಎತ್ತುತ್ತಿದ್ದ. ಎದೆಯ ಜೇಬಿನಲ್ಲಿ ಫೋನು ಗುರುಗುಟ್ಟಿತು, ನಿಂತಿತು, ಮತ್ತೆ ಗುರುಗುಟ್ಟಿತು.

ಗೊಂದೊವಿನ ಹಿಂದೆ ಪಕ್ಕದ ಹೆಂಗಸು ನಿಂತಿದ್ದಳು. ಅವಳ ಹಿಂದೆ ಬಾವುಟ ಮಡಿಸಿ ಕಂಕುಳಲ್ಲಿಟ್ಟುಕೊಂಡ ಇಬ್ಬರು. ಸಾಲು ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ, ನಮ್ಮ ಜನಕ್ಕೆ ಯಾರೂ ಹೇಳಬೇಕಾಗಿಲ್ಲ. ಒಬ್ಬರ ಹಿಂದೆ ಒಬ್ಬರು, ನಡುವೆ ಒಂದು ಹೆಜ್ಜೆ ಜಾಗ ಬಿಟ್ಟು, ಕಿತ್ತಳೆ ಅಂಗಿಯವರು ಮೆಟ್ಟಿಲ ಮೇಲೆ ಸಾಲು ಕಟ್ಟುತ್ತಿದ್ದರು. ಬರುವವರು ಬಂದು, ಬಾಗಿ, ಎರಡು ಮಾತು ಗೊಣಗಿ, ಬದಿಗೆ ಸರಿದು ಹೋಗುತ್ತಿದ್ದರು. ಅವನು ಒಬ್ಬೊಬ್ಬರಿಗೂ ಬಾಗುತ್ತಿದ್ದ. ಬಾಗಿದಷ್ಟೂ ಸಾಲು ಉದ್ದವಾಗುತ್ತಿತ್ತು. ಮೆಟ್ಟಿಲು ಹತ್ತಿ, ಬಾಗಿಲು ದಾಟಿ, ಹೊರಗೆ ಬಸ್ಸು ನಿಲ್ಲುವ ಕಡೆಗೆ ತಿರುಗಿ ಕಣ್ಣಿಗೆ ಮರೆಯಾಗಿತ್ತು.

ಬಾಲದ ಕಡೆಯವರಿಗೆ ಇದು ಯಾವುದರ ಸಾಲೆಂದು ತಿಳಿದಿರಲಿಲ್ಲ. ಸಾಲಿತ್ತು, ನಿಂತಿದ್ದರು. ಬಹಳ ಹೊತ್ತಿನ ಮೇಲೆ ಎದುರಿಗೆ ಬಂದ ಮುದುಕಿಯೊಬ್ಬಳು ಕಿತ್ತಳೆ ಕರವಸ್ತ್ರವೊಂದನ್ನೂ ದಪ್ಪ ಪೆನ್ನೊಂದನ್ನೂ ಸಹಿಗಾಗಿ ಎರಡು ಕೈಯಲ್ಲಿ ಅವನ ಮುಂದೆ ಹಿಡಿದು, ಮುಖವನ್ನು ಒಮ್ಮೆ ಗುರುತಿಗಾಗಿ ಹುಡುಕಿ, ಸಿಗದೆ, ನಕ್ಕು, “ಯಾವಾಗಲೂ ನೋಡ್ತಾ ಇರ್ತೀನಪ್ಪ ನಿಮ್ಮನ್ನ” ಎಂದಳು.

ಅವನು ಬಾಗಿದ.