ಹದಿನಾಲ್ಕಾಣೆ ಪುಸ್ತಕ

ಚಪ್ಪಲಿ ಬಿಟ್ಟು ಒಳಗೆ ಕಾಲಿಡುವ ಮೊದಲು ಗಂಗಣ್ಣ ಇನ್ನೊಂದು ಸಲ ಚೀಲದೊಳಗೆ ಕೈ ಹಾಕಿ ನೋಡಿಕೊಂಡ. ಬೆಣ್ಣೆ ಕಾಗದದ ಅಂಚು ಬೆರಳಿಗೆ ಸಿಕ್ಕಿತು. ಪುಸ್ತಕ ಇದೆ. ಸಾವಿನ ಮನೆಗೆ ಕಾಮಿಕ್ಸ್ ಪುಸ್ತಕ ಹೊತ್ತು ಬಂದವನು ಇಡೀ ತುಮಕೂರಿನಲ್ಲಿ ತಾನೊಬ್ಬನೇ ಇರಬೇಕು ಅನ್ನಿಸಿ ಕಿವಿ ಬಿಸಿಯಾಯಿತು.

"ಬನ್ನಿ ಗಂಗಣ್ಣ," ಅಂದ ಮುಖ್ತಾರ್ ಅಹಮದ್. ಸತ್ತ ಬಾಬಾ ಜಾನ್‌ನ ತಮ್ಮ. "ಮೊದಲ್ನೇ ಬಸ್ಸಿಗೇ ಬರ್ತೀರಾ ಅಂದ್ಕೊಂಡಿದ್ದೆ."

"ಕಂಡಕ್ಟರ್ ಹೇಳ್ದ. ಅಂಗಡಿ ಬಾಗ್ಲು ತೆಗೀತಿದ್ದೆ. ಹಂಗಂಗೇ ಹೊರಟು ಬಂದೆ ಕಣಪ್ಪ."

ಅದು ಅರ್ಧ ಸುಳ್ಳು. ಕುಣಿಗಲ್ಲಿನ ತನ್ನ ಬೈಂಡಿಂಗ್ ಅಂಗಡಿಯಿಂದ ಮನೆಗೆ ಹೋಗಿ, ಪೆಟ್ಟಿಗೆಯ ತಳದಿಂದ ಈ ಪುಸ್ತಕ ಎತ್ತಿಕೊಳ್ಳುವಷ್ಟರಲ್ಲಿ ಒಂದು ಬಸ್ಸು ಹೋಗಿಬಿಟ್ಟಿತ್ತು.

"ರಾತ್ರಿ ಊಟ ಮಾಡಿ ಕೂತಿದ್ರು. ಎದೆ ಹಿಡ್ಕೊಂಡ್ರು. ಅಷ್ಟೇ." ಮುಖ್ತಾರ್ ಹಿತ್ತಲಿನ ಕಡೆ ತೋರಿಸಿದ. ಅಲ್ಲಿ ಚಾದರ ಅಡ್ಡ ಕಟ್ಟಿ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. "ಮಧ್ಯಾಹ್ನದ ನಮಾಜ್ ಆದ್ಮೇಲೆ ಮಣ್ಣು."

ಮಧ್ಯಾಹ್ನ. ಅಷ್ಟರೊಳಗೆ ಗಂಗಣ್ಣನಿಗೆ ಒಂದು ವಿಷಯ ಗೊತ್ತಾಗಬೇಕಿತ್ತು.

ಈ ಮನೆಯ ಇನ್ನೊಂದು ಸಾವಿಗೂ ಅವನು ಬಂದಿದ್ದ. ಹತ್ತು ಹನ್ನೊಂದು ವರ್ಷದ ಹಿಂದೆ, ಬಾಬಾ ಜಾನ್‌ನ ತಾಯಿ ತೀರಿಕೊಂಡಾಗ. ಕಡೇ ನಮಾಜಿಗೆ ಮುಂಚೆ ಬಾಬಾ ಜಾನ್ ಜನರ ಮುಂದೆ ನಿಂತು, ನಮ್ಮ ತಾಯಿಯಿಂದ ಯಾರಿಗಾದರೂ ನೋವಾಗಿದ್ದರೆ ಮಾಫ್ ಮಾಡಿ ಅಂತ ಕೈ ಮುಗಿದಿದ್ದ. ಆಮೇಲೆ ಗಂಗಣ್ಣ ಕೇಳಿದ್ದಕ್ಕೆ, "ದೇವ್ರಿಗೆ ಮಾಡಿದ ತಪ್ಪನ್ನ ದೇವ್ರು ಮಾಫ್ ಮಾಡ್ತಾನೆ ಕಣ್ಲಾ. ಮನುಷ್ಯನಿಗೆ ಮಾಡಿದ್ದನ್ನ ಆ ಮನುಷ್ಯನೇ ಮಾಫ್ ಮಾಡ್ಬೇಕು. ಅವನು ಬಾಯಿ ಬಿಡ್ದಿದ್ರೆ ಸತ್ತೋನಿಗೆ ಬಿಡುಗಡೆ ಇಲ್ಲ" ಅಂದಿದ್ದ.

ಇವತ್ತು ಆ ಮಾತನ್ನು ಬಾಬಾ ಜಾನ್‌ಗೋಸ್ಕರ ಕೇಳುತ್ತಾರೆ. ಎಂಟು ವರ್ಷದಿಂದ ಎದೆಯಲ್ಲಿಟ್ಟುಕೊಂಡ ಅನುಮಾನವನ್ನು ಗಂಗಣ್ಣ ಬಿಡಬೇಕೋ, ಬಿಡಬಾರದೋ? ಸುಳ್ಳು ಮಾಫಿ ಅವನ ಬಾಯಲ್ಲಿ ಬಾರದು. ನಿಜ ಗೊತ್ತಾಗಬೇಕಾದರೆ ಬಾಬಾ ಜಾನ್‌ನ ಟ್ರಂಕ್ ನೋಡಬೇಕು. ಅದು ಅಗೋ, ನಡುಮನೆಯ ಮೂಲೆಯಲ್ಲಿ ಬೀಗ ಹಾಕಿಕೊಂಡು ಕೂತಿತ್ತು.

* * *

ಬಾಬಾ ಜಾನ್ ಮೊದಲು ಹುಣಸೆಹಣ್ಣಿನ ಮಂಡಿಯಲ್ಲಿದ್ದವನು. ಹಣ್ಣು ಹಿಸುಕಿ, ಮೂಸಿ, ಇದು ಹದಿನಾರಾಣೆ ಮಾಲು, ಇದು ಹತ್ತಾಣೆ ಅಂತ ಹೇಳುತ್ತಿದ್ದ. ಮಂಡಿ ಬಿಟ್ಟು ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಹಗ್ಗ ಕಟ್ಟಿ ಹಳೇ ಕಾಮಿಕ್ಸ್ ನೇತುಹಾಕಿಕೊಂಡು ಕೂತಾಗಲೂ ಆ ಅಳತೆ ಬಿಡಲಿಲ್ಲ. ಪುಸ್ತಕವನ್ನು ಬೆಳಕಿಗೆ ಹಿಡಿಯುವನು, ಬೆನ್ನಿನ ಮೇಲೆ ಉಗುರು ಎಳೆಯುವನು, ಮೂಸುವನು. ಪಿನ್ನಿಗೆ ತುಕ್ಕು ಬಂದಿದ್ದರೆ ಒಂದಾಣೆ ಕಡಿಮೆ. ರಟ್ಟಿನ ಮೇಲೆ ಯಾವ ಹುಡುಗನಾದರೂ ಹೆಸರು ಗೀಚಿದ್ದರೆ ಎರಡಾಣೆ ಹೋಯಿತು. ಚುಕ್ಕಿ ಸೇರಿಸುವ ಪುಟದಲ್ಲಿ ಚುಕ್ಕಿ ಸೇರಿಸಿಬಿಟ್ಟಿದ್ದರಂತೂ ಅವನಿಗೆ ಹೊಟ್ಟೆನೋವೇ ಬರುತ್ತಿತ್ತು. ಎಲ್ಲ ನೋಡಿ ಹಿಂದಿನ ರಟ್ಟಿನ ಒಳಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುವನು.

"ಎಂಟಾಣೆ ಅಂತ ಬರ್ದಿದೀಯ, ಎರಡ್ರುಪಾಯಿ ಕೇಳ್ತೀಯಲ್ಲಯ್ಯ ಸಾಬಿ!" ಅಂತ ಗಿರಾಕಿಗಳು ಜಗಳಕ್ಕೆ ಬರುತ್ತಿದ್ದರು.

"ಅದು ರೇಟಲ್ಲ ಸ್ವಾಮಿ. ಪುಸ್ತಕದ ಆರೋಗ್ಯ," ಅನ್ನುತ್ತಿದ್ದ ಬಾಬಾ ಜಾನ್.

ಗುಬ್ಬಿಯ ಜಯರಾಮಯ್ಯನಂಥ ಜಯರಾಮಯ್ಯ ಕೂಡ ಆ ಗುರುತು ನೋಡಿ, ಒಳಗಿನ ಪುಟ ತಿರುವದೆ ಕೊಂಡುಕೊಳ್ಳುತ್ತಿದ್ದ. ಅವನಿಗೆ ಗುಬ್ಬಿಯಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲಿನ ಅಂಗಡಿ. ಹಳೇ ಕಾಮಿಕ್ಸನ್ನು ಬೆಂಗಳೂರಿನ ಶೋಕಿವಾಲರಿಗೆ ದಾಟಿಸುವುದು ಒಳವ್ಯಾಪಾರ.

ಗಂಗಣ್ಣನ ಹತ್ತಿರ ಒಂದು ಕಾಮಿಕ್ಸ್ ಮಾಲೆಯ ಒಂದನೇ ನಂಬರಿತ್ತು. ರಟ್ಟಿನ ಮೇಲೆ ವಿಮಾನಕ್ಕೆ ಜೋತುಬಿದ್ದ ಮನುಷ್ಯ. ಮೊದಲನೇ ಅಚ್ಚು. ಅದು ಖರ್ಚಾದ ಮೇಲೆ ಕಂಪನಿಯವರು ಬಿಳೀ ಕಾಗದದಲ್ಲಿ ಎರಡನೇ ಅಚ್ಚು ಹಾಕಿದ್ದರು, ಅದನ್ನು ಬಲ್ಲವರು ಮುಟ್ಟುತ್ತಿರಲಿಲ್ಲ. ಬಾಬಾ ಜಾನ್ ಕೂಡ ಅದೇ ನಂಬರಿನ ಒಂದು ಪ್ರತಿಯನ್ನು ತನ್ನ ಟ್ರಂಕಿನಲ್ಲಿಟ್ಟುಕೊಂಡಿದ್ದ. ತಂದ ದಿನವೇ ಗಂಗಣ್ಣ ಆತುರದಲ್ಲಿ ಅಂಟಿನ ಕೈಯಲ್ಲೇ ನಡುಹಾಳೆ ಬಿಡಿಸಿ ಹೆಬ್ಬೆಟ್ಟು ಒತ್ತಿಬಿಟ್ಟಿದ್ದ. ಕಟಿಂಗ್ ಬ್ಲೇಡು ಸೀಳಿದ್ದ ಹೆಬ್ಬೆಟ್ಟು ಅದು. ಗುರುತಿನ ಮೇಲೂ ಅಡ್ಡಗೆರೆ ಹಾಗೇ ಮೂಡಿತ್ತು.

"ಹದಿನಾಲ್ಕಾಣೆ," ಅಂದಿದ್ದ ಬಾಬಾ ಜಾನ್, ಎಪ್ಪತ್ತೊಂಬತ್ತನೇ ಇಸವಿಯಲ್ಲಿ. "ಈ ಹೆಬ್ಬೆಟ್ಟು ಎರಡಾಣೆ ತಿಂತು ನೋಡ್ಲಾ ಗಂಗ. ಎಂಟು ದಿನ ನನ್ನ ಹತ್ರ ಬಿಟ್ಟಿರು. ಬೆಂಗಳೂರೋರು ಯಾರೋ ಬರ್ತಾರೆ, ತೋರಿಸ್ತೀನಿ."

ಬೆಂಗಳೂರಿನವರು ಬರಲಿಲ್ಲ. ಎಂಟು ದಿನ ಕಳೆದು ಪುಸ್ತಕ ವಾಪಸ್ಸು ಬಂತು. ಮನೆಗೆ ಹೋಗಿ ಬಿಡಿಸಿ ನೋಡಿದರೆ ನಡುಹಾಳೆಯಲ್ಲಿ ಹೆಬ್ಬೆಟ್ಟಿಲ್ಲ! ಕಾಗದ ಬೆಳ್ಳಗಿತ್ತು. ಪಿನ್ನು ಬಿಚ್ಚಿ ಮತ್ತೆ ಬಾಗಿಸಿದ್ದು ಬೈಂಡಿಂಗ್ ಮಾಡುವವನ ಕಣ್ಣಿಗೆ ಕಾಣದೆ ಇರುತ್ತದೆಯೇ? ಹಿಂದೆ ತಿರುವಿದರೆ ಹದಿನಾಲ್ಕು ಅಳಿಸಿ ಹದಿನಾರು ಅಂತ ಬರೆದಿತ್ತು.

ಅಲ್ಲಿಗೆ ಗಂಗಣ್ಣನಿಗೆ ಎಲ್ಲ ತಿಳಿದುಹೋಯಿತು. ತನ್ನ ಮೊದಲನೇ ಅಚ್ಚಿನ ಹಾಳೆ ಕಿತ್ತುಕೊಂಡು, ಎರಡನೇ ಅಚ್ಚಿನ ಹಾಳೆ ತುರುಕಿ, ಬಾಯಿ ಮುಚ್ಚಿಸುವುದಕ್ಕೆ ಎರಡಾಣೆ ಜಾಸ್ತಿ ಹಾಕಿದ್ದಾನೆ ಕಳ್ಳ. ಕೇಳಲಿಲ್ಲ. ಕೇಳಿದರೆ ಬಾಬಾ ಜಾನ್ ಆಣೆ ಇಟ್ಟಾನು, ಆ ಆಣೆಯನ್ನೂ ನಂಬುವ ಹಾಗಿಲ್ಲ ಅನ್ನಿಸಿತು. ಹದಿನೈದು ದಿನಕ್ಕೊಮ್ಮೆ ಸಂತೆದಿನ ಮುಂಚಿನ ಹಾಗೇ ಬಂದು ಅವನ ಪಕ್ಕ ಕೂತು ಟೀ ಕುಡಿದ. ಒಂದು ದಿನ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಜಯರಾಮಯ್ಯನ ಕಿವಿಯಲ್ಲಿ, "ಆತನ ಗುರುತು ನಂಬ್ಕೊಂಡು ತಗೋಬೇಡಿ. ಒಳಗೆ ಹಾಳೆ ಬದಲಾಯಿಸ್ತಾನೆ" ಅಂದುಬಿಟ್ಟ.

* * *

ಅದೇ ಜಯರಾಮಯ್ಯ ಈಗ ಛತ್ರಿ ಊರಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಏನ್ರೀ ಗಂಗಣ್ಣ, ಬೇಗ ಬಂದ್ಬಿಟ್ಟಿದೀರ. ಚೀಲದಲ್ಲೇನು?"

"ಟವಲ್ಲು."

"ಚೌಕಾಕಾರದ ಟವಲ್ಲು!" ಜಯರಾಮಯ್ಯ ನಕ್ಕ. ಆಮೇಲೆ ಮುಖ್ತಾರ್ ಕಡೆ ತಿರುಗಿ ದನಿ ತಗ್ಗಿಸಿದ. "ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಮಾರಿಕೊಡಪ್ಪ ಅಂತ ನಾಲ್ಕು ಪುಸ್ತಕ ಕೊಟ್ಟಿದ್ದೆ. ನನ್ನವು. ಟ್ರಂಕಲ್ಲಿರ್ತವೆ."

"ಇವತ್ತೇನಾ ಸ್ವಾಮಿ? ಹೆಣ ಇನ್ನೂ ಮನೇಲೈತೆ."

"ನಾಳೆ ನೀವು ರದ್ದಿಗೆ ಹಾಕಿದ್ರೆ ನಾನು ಯಾರ್ನ ಕೇಳ್ಲಿ?"

ಒಳಕೋಣೆಯ ಪರದೆಯ ಹಿಂದಿನಿಂದ ಬಾಬಾ ಜಾನ್‌ನ ಹೆಂಡತಿ ಹಜರಾ ಬೀಯ ದನಿ ಬಂತು. "ಕೊಟ್ಬುಡಪ್ಪ ಮುಖ್ತಾರ್. ನಮಾಜಿಗೆ ಮುಂಚೆ ಯಾರ ಸಾಮಾನೂ ಈ ಮನೇಲಿ ಇರ್ಬಾರ್ದು. ಆದ್ರೆ ಅವ್ರೊಬ್ಬರನ್ನೇ ಬಿಡ್ಬೇಡ. ಗಂಗಣ್ಣ ಇದಾರಲ್ಲ, ಅವ್ರ ಕೈಗೆ ಕೀ ಕೊಡು. ಅವ್ರು ನಮ್ಮೋರು."

ಆ ಮಾತು ಗಂಗಣ್ಣನಿಗೆ ಚುಚ್ಚಿತು. ಗೊತ್ತಿದ್ದೇ ಆಡಿದಳೋ? ಕೀ ತಂದುಕೊಟ್ಟವಳು ಮಗಳು ಮುನವ್ವರಾ. ಹದಿಮೂರು ಹದಿನಾಲ್ಕು ವರ್ಷ, ದುಪಟ್ಟಾ ತಲೆತುಂಬ ಹೊದ್ದು ಕಣ್ಣು ಊದಿಸಿಕೊಂಡಿದ್ದಳು. ಕೀ ಕೊಟ್ಟವಳು ಅಲ್ಲೇ ಗೋಡೆಗೆ ಒರಗಿ ನಿಂತಳು. ಕಾವಲಿಗಿಟ್ಟಿದ್ದಾರೆ ಅಂದುಕೊಂಡ ಗಂಗಣ್ಣ.

ಟ್ರಂಕ್ ತೆಗೆದರೆ ಒಣಗಿದ ಬೇವಿನಸೊಪ್ಪಿನ ವಾಸನೆ. ಜಯರಾಮಯ್ಯನ ನಾಲ್ಕು ಪುಸ್ತಕ ಮೇಲೆಯೇ ಇದ್ದವು, ಅವನ ಹೆಸರಿನ ಚೀಟಿ ಸಮೇತ. ಅವನು ಅವನ್ನು ಎತ್ತಿಕೊಂಡರೂ ಕದಲಲಿಲ್ಲ. ಗಂಗಣ್ಣ ಕೆಳಕ್ಕೆ ಕೆಳಕ್ಕೆ ಕೈ ಇಳಿಸುವುದನ್ನೇ ನೋಡುತ್ತ ನಿಂತ.

"ನನ್ನವು ಸಿಕ್ಕಿದ್ವಲ್ರೀ. ನೀವೇನು ಹುಡುಕ್ತಿದೀರ?"

ಗಂಗಣ್ಣ ಇನ್ನೂ ಕೆಳಗೆ ಕೈ ಹಾಕಿದ. ತಳದಲ್ಲಿ ಬಟ್ಟೆಯೊಳಗೆ ಸಿಕ್ಕಿತು. ವಿಮಾನಕ್ಕೆ ಜೋತುಬಿದ್ದ ಅದೇ ಮನುಷ್ಯ. ಬಾಬಾ ಜಾನ್ ಯಾರಿಗೂ ಮಾರದೆ ತನಗಂತ ಇಟ್ಟುಕೊಂಡಿದ್ದ ಒಂದನೇ ನಂಬರು. ಗಂಗಣ್ಣ ನಡುಹಾಳೆ ಬಿಡಿಸಿದ. ಅಂಚಿನಲ್ಲಿ ಹಳದಿ ಹೆಬ್ಬೆಟ್ಟು, ಅದರ ಮೇಲೆ ಅದೇ ಅಡ್ಡಗೆರೆ.

ಸಿಕ್ಕಿಬಿದ್ದೆಯಲ್ಲೋ ಬಾಬಾ, ಅಂದುಕೊಂಡ. ಎಂಟು ವರ್ಷ! ಇನ್ನು ಮಾಫಿ ಕೇಳಲಿ ನೋಡೋಣ.

ಹಾಳೆಯನ್ನು ಪೂರ್ತಿ ಅಗಲಿಸಿದ. ಎಡಗಡೆಯ ಪುಟದ ತುಂಬ ಕೆಂಪು ನೀಲಿ ಪೆನ್ಸಿಲ್ಲಿನ ಗೀಚು. ನಾಯಕನಿಗೆ ಮೀಸೆ, ಕುದುರೆಗೆ ಲಂಗ. ಬಲಗಡೆ ಚಿತ್ರವಿರಬೇಕಾದ ಕಡೆ ತೂತು. ಕತ್ತರಿಯಲ್ಲಿ ಕತ್ತರಿಸಿ ತೆಗೆದಿತ್ತು. ಹಿಂದಿನ ರಟ್ಟಿನ ಒಳಗೆ ಹದಿನಾರು ಅಂತ ಇದ್ದುದನ್ನು ಅಳಿಸಿ ನಾಲ್ಕು ಅಂತ ಬರೆದಿತ್ತು.

"ಅದು ನಾನು ಹಾಳು ಮಾಡಿದ್ದು ಮಾಮಾ," ಅಂದಳು ಮುನವ್ವರಾ, ಗೋಡೆಯ ಹತ್ತಿರದಿಂದ.

"ಏನಂದೆ?"

"ಸಣ್ಣೋಳಿದ್ದೆ. ನಿಮ್ಮ ಪುಸ್ತಕ ಚಾಪೆ ಮೇಲಿತ್ತು. ಬಣ್ಣ ಹಚ್ಚಿ, ಕುದುರೆ ಕತ್ತರಿಸ್ಕೊಂಡೆ. ಅಬ್ಬಾ ಹೊಡೀಲಿಲ್ಲ. ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು. ಆಮೇಲೆ ತಮ್ಮ ಪುಸ್ತಕದ ಪಿನ್ನು ಬಿಚ್ಚಿ ಅದರ ಹಾಳೆ ನಿಮ್ಮದಕ್ಕೆ ಹಾಕಿದ್ರು. ನಿಮ್ಮದು ತಮ್ಮದಕ್ಕೆ ಹಾಕ್ಕೊಂಡ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಅಮ್ಮೀನೂ ಅದೇ ಕೇಳಿದ್ರು. 'ಹೇಳಿದ್ರೆ ಗಂಗ ತಗೊಳ್ಳಲ್ಲ ಕಣೇ, ನಿನ್ನದು ನೀನೇ ಇಟ್ಕೋ ಅಂತಾನೆ. ಅವನ್ದು ಹದಿನಾರಾಣೆ ಆಯ್ತು ಬುಡು' ಅಂದ್ರು."

ಗಂಗಣ್ಣ ಚೀಲದಿಂದ ತನ್ನ ಪುಸ್ತಕ ತೆಗೆದು ಪಕ್ಕದಲ್ಲಿಟ್ಟ. ತನ್ನದರಲ್ಲಿ ನಡುಹಾಳೆ ಒಂದೇ ಬಿಳುಪು, ಉಳಿದದ್ದೆಲ್ಲ ಅಂಗಡಿಯ ಬಿಸಿಲು ತಿಂದ ಹಳದಿ. ಬಾಬಾ ಜಾನ್‌ನದರಲ್ಲಿ ನಡುಹಾಳೆ ಒಂದೇ ಹಳದಿ, ಉಳಿದದ್ದೆಲ್ಲ ಬೇವಿನಸೊಪ್ಪಿನಲ್ಲಿ ಮಲಗಿ ಬೆಳ್ಳಗಿತ್ತು. ಆ ಬಿಳುಪು ಅಚ್ಚಿನದಲ್ಲ, ಜೋಪಾನದ್ದು. ಎರಡನೇ ಅಚ್ಚು ಯಾವುದೂ ಇರಲಿಲ್ಲ.

ಜಯರಾಮಯ್ಯ ಬಗ್ಗಿ ಎರಡನ್ನೂ ನೋಡಿದ. ಅವನ ಮುಖದ ನಗು ಇಳಿದಿತ್ತು.

"ಗಂಗಣ್ಣ, ಅವತ್ತು ಬಸ್ ಸ್ಟ್ಯಾಂಡಲ್ಲಿ ನೀವು ನನಗೆ ಹೇಳಿದ್ದು... ಈ ಪುಸ್ತಕಕ್ಕಾ?"

"ಏನ್ ಹೇಳಿದ್ರು?" ಅಂದಳು ಮುನವ್ವರಾ.

ಗಂಗಣ್ಣ ಎರಡೂ ಪುಸ್ತಕ ಮುಚ್ಚಿದ. ಹುಡುಗಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು.

"ನಾನು ಬೆಂಗಳೂರಲ್ಲೆಲ್ಲ ಹೇಳ್ಬಿಟ್ಟೆ ಕಣ್ರೀ," ಅಂದ ಜಯರಾಮಯ್ಯ, ತನಗೇ ಹೇಳಿಕೊಳ್ಳುವಂತೆ.

ಹಿತ್ತಲಿನಿಂದ ಮುಖ್ತಾರ್ ಕೂಗಿದ. "ಬನ್ನಿ, ಎತ್ತೋ ಹೊತ್ತಾಯ್ತು."

* * *

ಗಂಗಣ್ಣನೂ ಹೆಗಲು ಕೊಟ್ಟ. ನಾಲ್ಕು ಹೆಜ್ಜೆಗೊಬ್ಬರು ಹೆಗಲು ಬದಲಾಯಿಸುತ್ತಿದ್ದರು. ಅವನು ಬಿಟ್ಟುಕೊಡದೆ ಬೀದಿಯ ಕೊನೆಯವರೆಗೂ ಹೊತ್ತ. ಬಾಬಾ ಜಾನ್ ಇಷ್ಟು ಹಗುರವಾಗಿದ್ದನೇ?

ಜಯರಾಮಯ್ಯನ ಕಿವಿಯಲ್ಲಿ ಆ ಮಾತು ಆಡಿದ ವರ್ಷದೊಳಗೆ ಗೋಡೆಯ ಹಗ್ಗದಲ್ಲಿ ಕಾಮಿಕ್ಸ್ ಕಡಿಮೆಯಾಗಿದ್ದವು. ಬೆಂಗಳೂರಿನವರು ಬರುವುದು ನಿಂತಿತ್ತು. ಹಗ್ಗದ ಮೇಲೆ ಪರೀಕ್ಷೆಯ ಗೈಡುಗಳು ಬಂದವು, ಆಮೇಲೆ ಲಾಟರಿ ಟಿಕೆಟ್ಟು. "ಯಾಕೆ ಗಂಗ, ನನ್ನ ಕಣ್ಣು ಮಂಜಾಯ್ತೇನೋ? ನನ್ನ ಗುರುತು ಯಾರೂ ನಂಬಲ್ಲ ಈಗ," ಅಂದಿದ್ದ ಬಾಬಾ ಜಾನ್ ಒಂದು ಸಲ. ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿಕೊಂಡು ಹೊಸ ಕನ್ನಡಕ ಹಾಕಿಸಿಕೊಂಡ. ಅದನ್ನು ಮೊದಲು ತೋರಿಸಿದ್ದೂ ಗಂಗಣ್ಣನಿಗೇ. ಕನ್ನಡಕ ಚೆನ್ನಾಗಿದೆ ಅಂದಿದ್ದ ಗಂಗಣ್ಣ.

ಮಸೀದಿಯ ಅಂಗಳದಲ್ಲಿ ಸಾಲು ನಿಲ್ಲುವ ಮೊದಲು ಮುಖ್ತಾರ್ ಜನರ ಕಡೆ ತಿರುಗಿದ. ಉರ್ದುವಿನಲ್ಲಿ ಹೇಳಿದ. ಮರದ ಕೆಳಗೆ ನಿಂತಿದ್ದ ಹಿಂದೂಗಳಿಗೋಸ್ಕರ ಕನ್ನಡದಲ್ಲೂ ಹೇಳಿದ. "ನಮ್ಮಣ್ಣನ ಮಾತಿನಿಂದ, ಕೈಯಿಂದ ಯಾರಿಗಾದ್ರೂ ನೋವಾಗಿದ್ರೆ ದಯವಿಟ್ಟು ಮಾಫ್ ಮಾಡಿ. ಆಗಲ್ಲ ಅನ್ನೋರು ನನ್ನ ಹತ್ರ ಬಂದು ಹೇಳಿ."

"ಮಾಫ್, ಮಾಫ್," ಅಂತು ಅಂಗಳ. ಜಯರಾಮಯ್ಯ ಛತ್ರಿ ಕಂಕುಳಲ್ಲಿಟ್ಟು ಕೈ ಮುಗಿದ. ಗಂಗಣ್ಣನ ಬಾಯಿ ಮಾತ್ರ ತೆರೆಯಲಿಲ್ಲ.

ಮುಖ್ತಾರ್ ಅದನ್ನು ನೋಡಿದ. ಮರದ ಹತ್ತಿರಕ್ಕೇ ಬಂದ. ಅವನ ಕಣ್ಣಲ್ಲಿ ಅನುಮಾನವಿತ್ತು.

"ಗಂಗಣ್ಣ, ನಿಮಗೇನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ. ಅಣ್ಣ ಏನಾದ್ರೂ ಮಾಡಿದ್ರಾ?"

"ನನಗೇನೂ ಇಲ್ಲಪ್ಪ." ಗಂಗಣ್ಣ ಹೆಣದ ಕಡೆ ತಿರುಗಿದ. "ನಾನು ಅವನಿಗೆ ಮಾಡಿದ್ದಿದ್ರೆ ಯಾರ್ನ ಕೇಳ್ಬೇಕು?"

ಮುಖ್ತಾರ್ ಅವನನ್ನೇ ನೋಡಿದ. ಏನೋ ಹೇಳಲು ಹೊರಟ. ಅಷ್ಟರಲ್ಲಿ ಮುಂದಿನ ಸಾಲಿನವರು ಕರೆದರು, ಓಡಿದ.

ಖಬರಸ್ತಾನದಲ್ಲಿ ಒಬ್ಬೊಬ್ಬರೇ ಬಗ್ಗಿ ಮೂರು ಮೂರು ಹಿಡಿ ಮಣ್ಣು ಹಾಕಿ ಸರಿದರು. ಗಂಗಣ್ಣ ಒಂದು ಹಿಡಿ ಹಾಕಿದ. ಎರಡು ಹಿಡಿ ಹಾಕಿದ. ಮೂರನೆಯದನ್ನು ಎತ್ತಿಕೊಂಡು ನಿಂತೇ ಇದ್ದ. ಹಿಂದಿನವರು ಮೆಲ್ಲನೆ ತಳ್ಳಿದರು. ಮಣ್ಣು ಮುಷ್ಟಿಯಲ್ಲೇ ಇಟ್ಟುಕೊಂಡು ಸರಿದ.

ಗೇಟಿನ ಹತ್ತಿರ ನಲ್ಲಿಯ ಮುಂದೆ ಎಲ್ಲರೂ ಕೈ ತೊಳೆದುಕೊಳ್ಳುತ್ತಿದ್ದರು. ಅವನ ಸರದಿ ಬಂತು. ನೀರು ಸುರಿಯುತ್ತಿತ್ತು.

"ಕೈ ಬಿಡಿಸ್ರೀ, ಹಿಂದೆ ಜನ ಇದಾರೆ," ಅಂದರು ಯಾರೋ.

ಮುಚ್ಚಿದ ಮುಷ್ಟಿಯ ಮೇಲೆ ನೀರು ಬೀಳುತ್ತಲೇ ಇತ್ತು. ಬೆರಳಿನ ಸಂದಿಯಿಂದ ಮಣ್ಣುನೀರು ಕೆಂಪಗೆ ತೊಟ್ಟಿಕ್ಕುತ್ತಿತ್ತು.